ನಿಮ್ಮ ಬಾಗಿಲಿನ ಸದ್ದು ಮಾರಿದವಳ ಅಹವಾಲು

ಬ್ಯಾಂಕಿನ ಪ್ರಧಾನ ಕಚೇರಿಯಲ್ಲಿ ಹೊರದೇಶದ ಹಣದ ವಿಭಾಗವನ್ನು ನೋಡಿಕೊಳ್ಳುವ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ನಾನು ಓದಿದ್ದು ಪ್ರೈಮರಿ ಶಾಲೆಯವರೆಗೆ ಮಾತ್ರ. ಈ ಪತ್ರವನ್ನು ಒಂದು ಪತ್ರಿಕೆಗೂ ಕೊಟ್ಟಿದ್ದೇನೆ, ಅಚ್ಚು ಹಾಕುವಾಗ ಕಾಗುಣಿತ ತಿದ್ದಿಕೊಳ್ಳುತ್ತೇವೆ ಎಂದು ಪತ್ರಿಕೆಯವರು ಹೇಳಿದ್ದಾರೆ. ಆದರೆ ನಿಮಗೆ ಅಂಚೆಯಲ್ಲಿ ಬರುವ ಪ್ರತಿ ನನ್ನ ಕೈಬರಹದ್ದೇ. ಅದರಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿರಬಹುದು. ಆದರೂ ನಿಮ್ಮ ಬ್ಯಾಂಕಿನ ಅರ್ಜಿಗಳನ್ನು ತುಂಬಿ ತುಂಬಿ ನನ್ನ ಬರಹ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆ ಉಪಕಾರವನ್ನು ಮರೆಯುವವಳಲ್ಲ ನಾನು.

ಈಗ ವಿಷಯ. ನಾನು ಸದ್ದು ಮಾರಿ ಸಂಪಾದಿಸಿದ ಹಣ ಹೊರದೇಶದಿಂದ ಬಂದು ನಿಮ್ಮಲ್ಲಿ ಕೂತಿದೆ. ನೀವು ಅದನ್ನು ನನಗೆ ಕೊಡುತ್ತಿಲ್ಲ. ಏಕೆಂದರೆ ನಾನು ಮಾರಿದ್ದು ನಿಮ್ಮದೇ ಶಾಖೆಯ ಒಂದು ಬಾಗಿಲಿನ ಕಿರುಗುಟ್ಟುವ ಸದ್ದು, ಮತ್ತು ಆ ಬಾಗಿಲು ಸದ್ದೇ ಮಾಡುವುದಿಲ್ಲ ಎಂದು ನೀವು ಬರೆದು ಕೊಟ್ಟಿದ್ದೀರಿ. ಈ ತಿಂಗಳು ಮುಗಿಯುವುದರೊಳಗೆ ಸದ್ದನ್ನು ಹಾಜರುಪಡಿಸದಿದ್ದರೆ ಹಣವನ್ನು ಕಳಿಸಿದವರಿಗೇ ಹಿಂದಿರುಗಿಸುತ್ತೀರಂತೆ.

ಇದನ್ನೆಲ್ಲ ಬಾಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಮಾತಿಗೆ ಹಿಂಜರಿಯುವವಳು. ನಾಲ್ಕು ಜನ ನಿಂತಿರುವ ಕಡೆ ಬಾಯಿ ತೆರೆದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ನಿಮ್ಮ ಅಧಿಕಾರಿಗಳಿಗೆ ಹೇಳಬೇಕಾದ್ದನ್ನು ಅಲ್ಲಿ ಹೇಳದೆ ಮನೆಗೆ ಬಂದು, ಪಾತ್ರೆ ತೊಳೆಯುವಾಗ ಪಾತ್ರೆಗಳಿಗೆ ಹೇಳಿದ್ದೇನೆ. ಪಾತ್ರೆಗಳು ಒಪ್ಪಿವೆ. ನೀವು ಒಪ್ಪುತ್ತೀರೋ ನೋಡೋಣ ಎಂದು ಬರೆಯುತ್ತಿದ್ದೇನೆ.

ಸದ್ದು ಮಾರುವುದೆಂದರೇನು ಎಂಬ ಅನುಮಾನ ನಿಮಗೆ ಬರುವುದು ಸಹಜ. ಜಾಹೀರಾತುಗಳಿಗೆ ಧ್ವನಿ ಮುದ್ರಿಸುವ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ನೆಲ ಒರೆಸುವ ಕೆಲಸಕ್ಕಿದ್ದೆ. ಅದರ ಯಜಮಾನರು ಸ್ಟುಡಿಯೋ ಮುಚ್ಚುವಾಗ ಬಾಕಿ ಸಂಬಳದ ಬದಲಿಗೆ ಅಂಗೈಯಗಲದ ಒಂದು ರೆಕಾರ್ಡರನ್ನೂ ಒಂದು ಮೈಕನ್ನೂ ನನ್ನ ಕೈಗಿಟ್ಟರು. “ನಿಂಗೆ ಮಾತು ಕಮ್ಮಿ ಕಣಮ್ಮ. ಈ ಕೆಲಸಕ್ಕೆ ಅದೇ ಬಂಡವಾಳ” ಎಂದರು. ಸಿನಿಮಾ ಮಾಡುವವರಿಗೆ, ಕಂಪ್ಯೂಟರಿನ ಆಟ ತಯಾರಿಸುವವರಿಗೆ, ಜಾಹೀರಾತಿನವರಿಗೆ ಚಿಕ್ಕಪುಟ್ಟ ಸದ್ದುಗಳು ಬೇಕಾಗುತ್ತವೆ. ಅವನ್ನು ಮಾರಲು ಹೊರದೇಶದ ಒಂದು ಜಾಲತಾಣವಿದೆ. ಯಜಮಾನರು ಅದರಲ್ಲಿ ನನ್ನ ಹೆಸರಿಗೆ ಒಂದು ಅಂಗಡಿ ತೆರೆದು, ಯಾವಾಗ ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟರು. ಅಂದಿನಿಂದ ನಾನು ಸದ್ದಿನ ವ್ಯಾಪಾರಿ. ಖಾಲಿ ಬಕೆಟ್ಟಿನ ಹಿಡಿ ಬೀಳುವ ಸದ್ದು, ಒದ್ದೆ ಬಟ್ಟೆ ಕೊಡವುವ ಸದ್ದು, ತಗಡಿನ ಪೆಟ್ಟಿಗೆಯಲ್ಲಿ ಅಮ್ಮ ಕನ್ನಡಕ ಹುಡುಕುವ ಸದ್ದು, ಎಲ್ಲವನ್ನೂ ಮಾರಿದ್ದೇನೆ. ನಮ್ಮಣ್ಣನ ಗೊರಕೆ ಯಾವುದೋ ಆಟದಲ್ಲಿ ಗುಹೆಯೊಳಗೆ ಮಲಗಿದ ರಾಕ್ಷಸನಿಗೆ ಹೋಗಿದೆ. ಅದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ. ಅವನು ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.

ಅಣ್ಣ ಲೇತ್ ಯಂತ್ರದ ಕೆಲಸಗಾರ. ಕೈಯಲ್ಲಿ ಹಿಡಿಯಲು ಬಾರದ್ದನ್ನು ಅವನು ವಸ್ತುವೆಂದು ಒಪ್ಪುವುದಿಲ್ಲ. ಮನೆ ಬಾಡಿಗೆ ಅವನೇ ಕಟ್ಟುತ್ತಾನೆ, ಆದ್ದರಿಂದ ಅವನ ಮಾತಿಗೆ ತೂಕ. “ಇವತ್ತು ಗಾಳಿ ಮಾರ್ತೀಯ, ನಾಳೆ ನೆರಳು ಮಾರ್ತೀಯ. ದುಡ್ಡು ಕಣ್ಣಿಗೆ ಕಾಣ್ಲಿ, ಆಮೇಲೆ ನಾನು ತುಟಿ ಬಿಚ್ಚಲ್ಲ. ಇಲ್ಲ ಅಂದ್ರೆ ಒಂದನೇ ತಾರೀಕಿಂದ ಸೋಪಿನ ಫ್ಯಾಕ್ಟರಿ. ಸೂಪರ್‌ವೈಸರ್‌ಗೆ ಹೇಳಿ ಜಾಗ ಹಿಡ್ಸಿದ್ದೀನಿ” ಎಂದಿದ್ದಾನೆ. ಆ ಫ್ಯಾಕ್ಟರಿಯ ಪ್ಯಾಕಿಂಗ್ ಶೆಡ್ಡನ್ನು ನಾನು ಹೊರಗಿನಿಂದ ಕೇಳಿದ್ದೇನೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಊಟದ ಹೊತ್ತಿನಲ್ಲೂ ಒಬ್ಬರಿಗೊಬ್ಬರು ಕೈಸನ್ನೆ ಮಾಡುತ್ತಾರೆ. ಇಡೀ ದಿನ ಆ ಯಂತ್ರಗಳ ನಡುವೆ ನಿಂತ ಮೇಲೆ, ಮನೆಗೆ ಬಂದು ಚಮಚ ನೆಲಕ್ಕೆ ಬಿದ್ದ ಸದ್ದನ್ನು ಕೇಳಿಸಿಕೊಳ್ಳುವ ಕಿವಿ ನನಗೆ ಉಳಿಯುವುದಿಲ್ಲ. ನಿಮ್ಮಲ್ಲಿ ಸಿಕ್ಕಿಕೊಂಡಿರುವುದು ಹಣ ಎಂದು ನಿಮ್ಮ ಲೆಕ್ಕದಲ್ಲಿದೆ. ನನ್ನ ಲೆಕ್ಕದಲ್ಲಿ ಅದು ನನ್ನ ಕಿವಿ.

ಜಾಲತಾಣದವರು ನನ್ನ ವ್ಯಾಪಾರದ ಹಣವನ್ನು ಕೂಡಿಸಿಟ್ಟು ಮೊದಲ ಸಲ ಕಳಿಸಿದಾಗ, ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಮುದ್ರ ದಾಟಿ ನಿಮ್ಮ ಶಾಖೆಯ ತನಕ ಬಂತು. ಹಾಗೆಂದು ಫೋನಿಗೆ ಸಂದೇಶ ಬಂತು. ಆಮೇಲೆ ಶಾಖೆಯ ಬಾಗಿಲಿನಿಂದ ಕೌಂಟರಿನವರೆಗಿನ ದಾರಿಯಲ್ಲಿ ಅದಕ್ಕೆ ಏನಾಯಿತೋ ತಿಳಿಯದು. ನಾನು ಹೋಗಿ ಕೇಳಿದೆ. ಕೌಂಟರಿನ ಮೇಡಂ ಒಳ್ಳೆಯವರೇ. ಗಾಜಿನಾಚೆಯಿಂದ ಹಾಲಿಗೆಲ್ಲ ಕೇಳಿಸುವಂತೆ ಮಾತಾಡಿದರು.

“ಏನಮ್ಮಾ, ಯಾವ ಬಾಬ್ತು ದುಡ್ಡಿದು?”

“ಸದ್ದಿನ ಬಾಬ್ತು, ಮೇಡಂ.”

“ಸದ್ದಾ? ಸದ್ದು ಅಂತ ಇಲ್ಲಿಲ್ವಲ್ಲ. ಗಿಫ್ಟ್ ಇದೆ, ಚಿಕಿತ್ಸೆ ಇದೆ, ಕುಟುಂಬ ನಿರ್ವಹಣೆ ಇದೆ, ಸರಕು ಇದೆ, ಹಡಗು ರಿಪೇರಿ ಇದೆ. ಗಿಫ್ಟ್ ಅಂತ ಹಾಕ್ಲಾ?”

ಹಾಕಿ ಎಂದು ತಲೆಯಾಡಿಸಿದೆ.

“ಕಳಿಸಿರೋರು ನಿಮ್ಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

“ಏನೂ ಆಗ್ದೇ ಇರೋರು ಹೊರದೇಶದಿಂದ ನಿಮ್ಗ್ಯಾಕಮ್ಮ ಗಿಫ್ಟ್ ಕಳಿಸ್ತಾರೆ?”

ಸಾಲಿನಲ್ಲಿ ನನ್ನ ಹಿಂದೆ ನಿಂತವರೆಲ್ಲ ಉತ್ತರ ಕೇಳಲು ಒಂದು ಹೆಜ್ಜೆ ಮುಂದೆ ಬಂದರು. ಸರಕು ಎಂದೇ ಹಾಕಿ ಎಂದೆ. ಸರಕೆಂದ ಕೂಡಲೇ ಕಂಪ್ಯೂಟರು ತೂಕ ಕೇಳಿತು. ಸದ್ದಿಗೆ ತೂಕವಿಲ್ಲವೆಂದೆ. ಸೊನ್ನೆ ಹಾಕಿದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲವಂತೆ. ಮೇಡಂ ದೊಡ್ಡ ಮನಸ್ಸು ಮಾಡಿ ನೂರು ಗ್ರಾಂ ಎಂದು ಹಾಕಿದರು. ಆಗ ಅದು ನೂರು ಗ್ರಾಮಿನ ಪಾರ್ಸೆಲ್ ಯಾವ ಬಂದರಿನಿಂದ ಹೋಯಿತು, ರಸೀತಿ ಎಲ್ಲಿ ಎಂದು ಕೇಳಿತು. ರಸೀತಿ ಇಲ್ಲವಾದ್ದರಿಂದ ನಾನು ನೂರು ಗ್ರಾಂ ಸದ್ದನ್ನು ಕಳ್ಳದಾರಿಯಲ್ಲಿ ಸಾಗಿಸಿದ ಹಾಗಾಯಿತು. ಮೇಡಂ ನನ್ನನ್ನು ನೋಡಿದ ರೀತಿಯಲ್ಲಿ ಕನಿಕರವೂ ಇತ್ತು, ಸ್ವಲ್ಪ ಭಯವೂ ಇತ್ತು.

ಇದು ನನ್ನೊಬ್ಬಳ ಪಾಡಲ್ಲ. ಅದೇ ಹಾಲಿನಲ್ಲಿ ಒಬ್ಬ ಗಣಿತದ ಮೇಷ್ಟ್ರ ಪರಿಚಯವಾಯಿತು. ಅವರು ಕಂಪ್ಯೂಟರಿನ ಮೂಲಕ ಹೊರದೇಶದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಅವರಿಗೂ ಸರಕಿನ ಮಾದರಿ ತನ್ನಿ ಎಂದರಂತೆ. ಅವರು ಏಳರ ಮಗ್ಗಿ ಬರೆದು ತಂದುಕೊಟ್ಟರು. ಅದು ಅವರೇ ತಯಾರಿಸಿದ್ದು ಎಂಬುದಕ್ಕೆ ಪುರಾವೆ ತರಲು ಹೇಳಿ ಕಳಿಸಿದ್ದಾರೆ. ಪಾಪ, ಈಗಲೂ ಹುಡುಕುತ್ತಿದ್ದಾರೆ. ನಾವಿಬ್ಬರೂ ಕೂರುವ ಜಾಗದಲ್ಲಿ ನಿಮ್ಮ ಬ್ಯಾಂಕಿನ ಒಂದು ದೊಡ್ಡ ಚಿತ್ರವಿದೆ. ಅದರಲ್ಲಿ ಒಬ್ಬ ಹುಡುಗಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ‘ಜಗತ್ತಿಗೆ ದುಡಿಯಿರಿ, ಇಲ್ಲಿ ಪಡೆಯಿರಿ’ ಎಂದು ಕೆಳಗೆ ಬರೆದಿದೆ. ಆ ಹುಡುಗಿಗೆ ಯಾವ ಬಾಬ್ತಿನಲ್ಲಿ ಕೊಟ್ಟಿರಿ ಎಂದು ಕೇಳೋಣವೆನಿಸಿತು. ಅವಳು ಚಿತ್ರ, ನಾನು ನಾಚಿಕೆಯವಳು. ಹೀಗಾಗಿ ಇಬ್ಬರೂ ಸುಮ್ಮನಿದ್ದೆವು.

ನನಗೂ ಮಾದರಿ ತರಲು ಹೇಳಿದರು. ತೆಗೆದುಕೊಂಡು ಹೋದೆ. ಮ್ಯಾನೇಜರ್ ಸಾಹೇಬರು ತಮ್ಮ ಕೋಣೆಯಲ್ಲಿ ಕೂರಿಸಿ, ಅತಿ ಹೆಚ್ಚು ಮಾರಾಟವಾದ ಸದ್ದು ಯಾವುದು, ಅದನ್ನೇ ಕೇಳಿಸಮ್ಮ ಎಂದರು. ರೆಕಾರ್ಡರಿನ ಗುಂಡಿ ಒತ್ತಿದೆ.

ಆ ಸದ್ದನ್ನು ನಿಮಗೆ ಬರಹದಲ್ಲಿ ಹೇಗೆ ಕೇಳಿಸಲಿ? ಶುರುವಿನಲ್ಲಿ ನಿದ್ದೆಗಣ್ಣಿನ ಮಗು ಅಳಲೋ ಬೇಡವೋ ಎಂದು ಯೋಚಿಸುವ ಹಾಗಿರುತ್ತದೆ. ನಡುವೆ ಒಂದು ಮುದಿ ಎಮ್ಮೆ ದೂರದಿಂದ ಕರೆದ ಹಾಗೆ ಉದ್ದಕ್ಕೆ ಎಳೆಯುತ್ತದೆ. ಕೊನೆಯಲ್ಲಿ ಬಾಗಿಲು ಗೋಡೆಗೆ ತಾಗಿ, ಬೇಸರಗೊಂಡ ಹಿರಿಯರು ‘ಹೂಂ’ ಎಂದ ಹಾಗೆ ನಿಲ್ಲುತ್ತದೆ. ಆ ಹೂಂಕಾರದ ಬೆನ್ನಿಗೇ ಒಂದು ಕೆಮ್ಮು ಅಂಟಿಕೊಂಡಿದೆ. ಕತ್ತರಿಸಲು ನೋಡಿದೆ, ಕೆಮ್ಮು ಹೋದರೆ ಬಾಗಿಲಿನ ಬಾಲವೂ ಹೋಗುತ್ತಿತ್ತು. ಹಾಗೇ ಬಿಟ್ಟೆ.

“ಬಾಗ್ಲು ಇದು” ಎಂದರು ಮ್ಯಾನೇಜರ್. “ಎಲ್ಲೋ ಕೇಳಿದ ಹಾಗಿದ್ಯಲ್ಲಮ್ಮ. ಯಾವ ಬಾಗ್ಲು?”

“ನಿಮ್ದೇ ಸರ್. ರೆಕಾರ್ಡ್ ರೂಮಿಂದು.”

ಅಲ್ಲಿ ನಾನು ಬೇರೆ ಏನಾದರೂ ಹೇಳಬಹುದಿತ್ತು. ಸುಳ್ಳಿಗೆ ಬಹಳ ಮಾತು ಬೇಕಾಗುತ್ತದೆ, ನನ್ನಲ್ಲಿ ಅಷ್ಟು ಇರಲಿಲ್ಲ. ನಿಮ್ಮ ಶಾಖೆಯ ಒಳಗಿನ ಓಣಿಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ, ಹಳೆಯ ಕಡತಗಳನ್ನಿಟ್ಟ ಕೋಣೆಗೆ ಒಂದು ಕಬ್ಬಿಣದ ಬಾಗಿಲಿದೆ. ಎದುರಿಗೆ ಪಿಂಚಣಿಯವರ ಬೆಂಚು. ನಮ್ಮಮ್ಮನ ಹೆಬ್ಬೆರಳಿನ ಗೆರೆಗಳು ಪಾತ್ರೆ ತಿಕ್ಕಿ ಸವೆದುಹೋಗಿರುವುದರಿಂದ ನಿಮ್ಮ ಯಂತ್ರ ಆಕೆಯನ್ನು ಗುರುತಿಸುವುದಿಲ್ಲ. ಆಕೆಯ ಪಿಂಚಣಿಯೂ ಹಳೆಯ ಕಡತ ಸಿಗುವ ತನಕ ನಿಂತಿದೆ. ಬೆಂಚಿನ ಮೇಲಿರುವ ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಕತೆ. ಆ ಬಾಗಿಲು ಕೂಗಿತೆಂದರೆ ಅಟೆಂಡರ್ ಯಾರದೋ ಕಡತ ಹೊರತರುತ್ತಿದ್ದಾರೆಂದು ಅರ್ಥ. ಕೂಗಿದ ಕೂಡಲೇ ಬೆಂಚಿಗೆ ಬೆಂಚೇ ಎದ್ದು ನಿಲ್ಲುತ್ತದೆ. ಅಮ್ಮನ ಜೊತೆ ಕೂತು ಕೂತು ಆ ಸದ್ದು ನನಗೆ ಬಾಯಿಪಾಠವಾಗಿತ್ತು. ಒಂದು ದಿನ ಮೈಕನ್ನು ಮಡಿಲಲ್ಲಿಟ್ಟುಕೊಂಡು ಹಿಡಿದೆ.

ಮ್ಯಾನೇಜರ್ ಸಾಹೇಬರಿಗೆ ಕೋಪ ಬರಲಿಲ್ಲ. ಮುಖ ಅರಳಿತು. “ಬನ್ರೀ ಎಲ್ರೂ. ನಮ್ಮ ಬಾಗ್ಲು ಫಾರಿನ್ನಿಗೆ ಹೋಗಿದೆಯಂತೆ” ಎಂದು ಕರೆದರು. ಎಲ್ಲರೂ ಬಂದು ನಿಂತು ಕೇಳಿದರು. ಅಟೆಂಡರ್ ಕೆಮ್ಮಿನ ಜಾಗ ಬಂದಾಗ ಎದೆಯ ಮೇಲೆ ಕೈಯಿಟ್ಟು, “ಇದು ನಾನು” ಎಂದರು. ಆಗ ಅಕೌಂಟೆಂಟ್ ಪೆನ್ನಿನ ತುದಿಯಿಂದ ಗಲ್ಲ ಕೆರೆದುಕೊಂಡರು.

“ಸರ್, ಬಾಗ್ಲು ಬ್ಯಾಂಕಿಂದು.”

“ಹೌದಲ್ವಾ.”

“ಬಾಗ್ಲು ಬ್ಯಾಂಕಿಂದಾದ್ರೆ ಸದ್ದು ಯಾರ್ದು?”

ಸಾಹೇಬರ ನಗು ಕೆನ್ನೆಯ ತನಕ ಹೋಗಿದ್ದು ಹಾಗೇ ಹಿಂದಿರುಗಿ ಬಂತು. ಬ್ಯಾಂಕಿನ ಸ್ವತ್ತನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಸಾಗಿಸಿದ ಪ್ರಕರಣ ಇದಾದೀತೇ ಎಂದು ಚರ್ಚೆಯಾಯಿತು. ಬಾಗಿಲು ಮಾಡಿದ ಬಡಗಿಗೆ ಪಾಲಿದೆಯೇ ಎಂದು ಒಬ್ಬರು, ಕಬ್ಬಿಣದ ಬಾಗಿಲನ್ನು ಬಡಗಿ ಮಾಡುವುದಿಲ್ಲ ಎಂದು ಇನ್ನೊಬ್ಬರು. ಅಟೆಂಡರ್ ಮೆಲ್ಲಗೆ ಹೇಳಿದರು:

“ಬಾಗ್ಲು ತಾನಾಗಿ ಕೂಗಲ್ಲ ಸಾರ್. ನಾನು ತಳ್ಳಿದ್ರೇ ಕೂಗೋದು. ನಂಗೂ ಒಂದು ಪಾಲು ಬರ್ಕೊಳ್ಳಿ.”

“ನೀನು ಸುಮ್ನಿರಯ್ಯ.”

“ಪ್ರಮೋಷನ್ ಕೇಳ್ದಾಗ್ಲೂ ಇದನ್ನೇ ಅಂದ್ರಿ.”

ಹೀಗೆ ಆ ಪ್ರಶ್ನೆ ನಿಮ್ಮ ಕಚೇರಿಗೆ ಬಂತು. ನೀವು ಅದಕ್ಕೆ ಕೊಟ್ಟ ಉತ್ತರ ನನ್ನ ಬಳಿ ಇದೆ. ಸದ್ದಿನ ಒಡೆತನವನ್ನು ಆಮೇಲೆ ತೀರ್ಮಾನಿಸಲಾಗುವುದು, ಮೊದಲು ಸದರಿ ಸರಕು ಇದೆಯೇ ಎಂದು ನಮ್ಮ ತಪಾಸಣಾಧಿಕಾರಿ ಖುದ್ದಾಗಿ ಪರಿಶೀಲಿಸುವರು ಎಂದಿದ್ದಿರಿ. ಓದಿ ನನಗೆ ಸಮಾಧಾನವೇ ಆಯಿತು. ಬಾಗಿಲು ಎಲ್ಲಿ ಹೋಗುತ್ತದೆ, ಒಮ್ಮೆ ತಳ್ಳಿದರೆ ತಾನೇ ಸಾಕ್ಷಿ ಹೇಳುತ್ತದೆ ಎಂದುಕೊಂಡೆ. ನನ್ನ ಪರವಾಗಿ ಬೇರೆ ಯಾರೋ ಮಾತಾಡುತ್ತಾರೆ ಎನ್ನುವುದಕ್ಕಿಂತ ದೊಡ್ಡ ನೆಮ್ಮದಿ ನನ್ನಂಥವರಿಗೆ ಇಲ್ಲ.

ತಪಾಸಣಾಧಿಕಾರಿಗಳು ಬಂದ ದಿನ ಶಾಖೆಯ ಗುರುತೇ ಸಿಗಲಿಲ್ಲ. ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನು ಬರೆಯುತ್ತಿತ್ತು. ಅಮ್ಮ, ನಾನು, ಬೆಂಚಿನವರು, ಶಾಖೆಯವರು ಎಲ್ಲರೂ ಓಣಿಯಲ್ಲಿ ಸೇರಿದೆವು. ಅಧಿಕಾರಿಗಳು ರುಜು ಹಾಕುವವರ ಹಾಗೆ ತೋಳು ಸರಿಮಾಡಿಕೊಂಡು ಬಾಗಿಲನ್ನು ತಳ್ಳಿದರು. ಅದು ಕಳ್ಳಬೆಕ್ಕಿನ ಹಾಗೆ, ಒಂದಿಷ್ಟೂ ಸದ್ದಿಲ್ಲದೆ ತೆರೆದುಕೊಂಡಿತು.

ಇನ್ನೊಮ್ಮೆ ತಳ್ಳಿದರು. ಎಳೆದರು. ಜೋರಾಗಿ ತಳ್ಳಿದರು. ಗೋಡೆಗೆ ತಾಗುವ ಜಾಗದಲ್ಲಿ ಯಾರೋ ರಬ್ಬರಿನ ಬಿರಡೆ ಬೇರೆ ಅಂಟಿಸಿದ್ದರು. ಹೂಂಕಾರವೂ ಇಲ್ಲ.

ಅಮ್ಮ ಅಟೆಂಡರ್ ಕಡೆ ತಿರುಗಿದರು. “ಏನ್ ಮಾಡಿದ್ರಿ ಇದಕ್ಕೆ?”

“ಎಣ್ಣೆ ಹಾಕ್ದೆ ಅಮ್ಮ. ದೊಡ್ಡ ಸಾಹೇಬ್ರು ಬರ್ತಾರೆ, ಶಾಖೆ ಅಚ್ಚುಕಟ್ಟಾಗಿರ್ಬೇಕು, ಎಲ್ಲಾ ಕೀಲಿಗೂ ಎಣ್ಣೆ ಹಾಕು ಅಂದ್ರು. ಕುರ್ಚಿಗೂ ಹಾಕ್ದೆ, ಫ್ಯಾನಿಗೂ ಹಾಕ್ದೆ.” ಅವರ ಮುಖ ಸಪ್ಪಗಿತ್ತು. “ಯಾಕೆ ಬರ್ತಾರೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ.”

“ಮೂಗ ಬಾಗ್ಲಲ್ರೀ ಇದು” ಎಂದು ಅಧಿಕಾರಿಗಳು ಬರೆದುಕೊಳ್ಳತೊಡಗಿದರು. ನಾನು ರೆಕಾರ್ಡರ್ ತೆಗೆದು ಗುಂಡಿ ಒತ್ತಿದೆ. ಇದು ಇದೇ ಬಾಗಿಲಿನದೆಂದು ಏನು ಗ್ಯಾರಂಟಿ ಎಂದರು. ಅಟೆಂಡರ್ ಮುಂದೆ ಬಂದು, ಬೇಕಾದರೆ ಕೆಮ್ಮು ಹೋಲಿಸಿ ನೋಡಿ ಎಂದು ಕೆಮ್ಮಿ ತೋರಿಸಿದರು. ಒಂದೇ ಅಚ್ಚು. ಕೆಮ್ಮು ನಮ್ಮ ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು ಅಧಿಕಾರಿಗಳು. ನಾನು ಗುಂಡಿ ಒತ್ತಿ ಅದನ್ನೇ ಇನ್ನೊಮ್ಮೆ ಕೇಳಿಸಿದೆ.

ಆಗ ಬೆಂಚಿನಿಂದ ಕಂಡಕ್ಟರ್ ತಾತ ಎದ್ದರು. ಬಸ್ಸಿನಲ್ಲಿ ಇಡೀ ಆಯುಷ್ಯ ಸೀಟಿ ಊದಿದವರು. “ಬಾಗ್ಲು ಹೇಗ್ ಕೂಗ್ತಿತ್ತು ಅಂತ ನಾನ್ ಹೇಳ್ತೀನಿ ಕೇಳಿ ಸ್ವಾಮಿ” ಎಂದು ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ ಕೂಗಿದರು. ಶುರು ಚೆನ್ನಾಗಿತ್ತು, ನಡುವೆ ಸ್ವಲ್ಪ ಬಸ್ಸಾಯಿತು.

“ಹಾಗಲ್ಲ ಅದು” ಎಂದರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದವರು, ಯಾರ ತಪ್ಪನ್ನೂ ಹಾಗೇ ಬಿಡುವವರಲ್ಲ. “ನೀವು ಮೊದ್ಲೇ ಉಸಿರು ಖರ್ಚು ಮಾಡ್ಬಿಟ್ರಿ. ಎಳೆಯೋದು ನಡುವೆ.” ಅವರೂ ಕೂಗಿದರು.

“ಕೊನೆಗೆ ಹೂಂ ಬಿಟ್ರಲ್ಲ ನೀವು” ಎಂದರು ಅಮ್ಮ.

“ಹೂಂ ನೀವ್ ಹಾಕಿ. ನನ್ಗೆ ಮಂಡಿ ನೋವು.”

“ಹೂಂಗೂ ಮಂಡಿಗೂ ಏನ್ರೀ ಸಂಬಂಧ?”

ಮಾನ್ಯರೇ, ನಂಬಿದರೆ ನಂಬಿ. ಕಂಡಕ್ಟರ್ ತಾತ ಶುರು ಹಿಡಿದರು, ನರ್ಸಮ್ಮ ನಡುವೆ ಎಳೆದರು, ಬೆಂಚಿನ ಉಳಿದವರು ಜೊತೆಗೂಡಿದರು, ನಮ್ಮಮ್ಮ ಹೂಂ ಎಂದು ಮುಗಿಸಿದರು, ಅಟೆಂಡರ್ ತಮ್ಮ ಸರದಿಗೆ ಸರಿಯಾಗಿ ಕೆಮ್ಮಿದರು. ಹಾಲಿನಲ್ಲಿ ಗಣಿತದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಬಾಗಿಲು ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಹೊಳೆಯುತ್ತ ನಿಂತಿತ್ತು. ನಿಮ್ಮ ಅಧಿಕಾರಿಗಳ ವರದಿಯಲ್ಲಿ ಇಷ್ಟಕ್ಕೂ ಸೇರಿ ಒಂದೇ ಸಾಲು ಸಿಕ್ಕಿದೆ: ‘ಪರಿಶೀಲನೆಯ ವೇಳೆ ಹಿರಿಯ ನಾಗರಿಕರು ಗದ್ದಲವೆಬ್ಬಿಸಿದರು.’ ಅದರ ಕೆಳಗೆ: ‘ಸದರಿ ಬಾಗಿಲಿನಲ್ಲಿ ಯಾವುದೇ ಸದ್ದು ಕಂಡುಬಂದಿಲ್ಲ. ಸರಕು ಅಸ್ತಿತ್ವದಲ್ಲಿಲ್ಲ.’

ಆ ವರದಿಯ ಮೇಲೆ ನೀವು ನನಗೆ ಕೊನೆಯ ಪತ್ರ ಬರೆದಿರಿ. ಸರಕನ್ನು ಅದರ ಮೂಲ ಸ್ಥಿತಿಯಲ್ಲಿ ಮತ್ತೆ ಹಾಜರುಪಡಿಸಿದರೆ ಮರುಪರಿಶೀಲಿಸಲಾಗುವುದು, ಇಲ್ಲವಾದರೆ ತಿಂಗಳ ಕೊನೆಗೆ ಹಣ ವಾಪಸು. ನಾನು ಮ್ಯಾನೇಜರ್ ಸಾಹೇಬರ ಬಳಿಗೆ ಹೋಗಿ, ಧೈರ್ಯ ಮಾಡಿ, ಹಾಗಾದರೆ ಕೀಲಿನ ಎಣ್ಣೆ ಒರೆಸಿಕೊಡಿ ಎಂದು ಕೇಳಿದೆ. ಅವರು ಒಂದು ಕಡತ ತೆರೆದು ನೋಡಿದರು. “ಎಣ್ಣೆ ಬಿಲ್ಲು ಪಾಸಾಗಿದೆಯಮ್ಮ. ಈಗ ಒರೆಸಿದ್ರೆ, ಹಾಕಿದ ಎಣ್ಣೆ ಎಲ್ಲಿ ಅಂತ ಆಡಿಟ್‌ನವ್ರು ಕೇಳ್ತಾರೆ” ಎಂದರು. ಮನೆಯಲ್ಲಿ ಅಣ್ಣನನ್ನು ಕೇಳಿದೆ. ಕಬ್ಬಿಣದ ವಿಷಯವಾದ್ದರಿಂದ ಅವನು ಊಟದ ತಟ್ಟೆಯಿಂದ ತಲೆಯೆತ್ತಿ ಶ್ರದ್ಧೆಯಿಂದ ಉತ್ತರ ಕೊಟ್ಟ. “ಎಣ್ಣೆ ಕುಡ್ದ ಕೀಲು ಸುಮ್ಸುಮ್ನೆ ಬಾಯಿ ಬಿಡಲ್ಲ. ನೀರು ಬೀಳ್ಬೇಕು. ತುಕ್ಕು ಹಿಡೀಬೇಕು. ಅದಕ್ಕೆ ಟೈಮ್ ಬೇಕು.” ಆಮೇಲೆ, “ಫ್ಯಾಕ್ಟರಿಲಿ ಯೂನಿಫಾರ್ಮ್ ಅಳತೆ ಕೇಳಿದ್ರು” ಎಂದೂ ಹೇಳಿದ. ನಾನು ಅಳತೆ ಕೊಟ್ಟೆ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಕ್ಷರ ತಿದ್ದಿಕೊಂಡಿದ್ದೇ ಲಾಭ ಎಂದುಕೊಂಡು ಸೋಪು ಕಟ್ಟಲು ಹೋಗುತ್ತಿದ್ದೆ. ಆದರೆ ಮೊನ್ನೆ ಅಮ್ಮನ ಜೊತೆ ಅದೇ ಬೆಂಚಿನ ಮೇಲೆ ಕೂತಿದ್ದಾಗ ಬಾಗಿಲು ಕೂಗಿತು.

ಉದ್ದಕ್ಕೆ, ಚೆನ್ನಾಗಿ, ಮಗುವಿನಿಂದ ಹಿಡಿದು ಹೂಂಕಾರದ ತನಕ. ಬೆಂಚಿಗೆ ಬೆಂಚೇ ಎದ್ದು ನಿಂತಿತು. ಕಂಡಕ್ಟರ್ ತಾತ ಕನ್ನಡಕ ಹಾಕಿಕೊಂಡರು. ನರ್ಸಮ್ಮ ಚೀಲದಿಂದ ಕಾಗದ ತೆಗೆದರು. ಎಲ್ಲರೂ ರೆಕಾರ್ಡ್ ರೂಮಿನ ಕಡೆ ನೋಡಿದೆವು. ಬಾಗಿಲು ಮುಚ್ಚಿಯೇ ಇತ್ತು. ಅಟೆಂಡರ್ ಟೀ ಹಿಡಿದುಕೊಂಡು ಓಣಿಯ ಆ ತುದಿಯಲ್ಲಿ ನಿಂತಿದ್ದರು. ಅವರ ಬಾಯಿ ಮುಚ್ಚಿತ್ತು, ಆದರೂ ಅವರ ಕೆಮ್ಮು ಕೇಳಿಸಿತು.

ಅದು ಹಾಲಿನ ಟಿವಿಯಿಂದ ಬಂದಿತ್ತು. ನಿಮ್ಮ ಬ್ಯಾಂಕಿನ ಹೊಸ ಜಾಹೀರಾತು. ಒಂದು ಹಳೆಯ, ಧೂಳು ಹಿಡಿದ ಕಟ್ಟಡ. ಕಪ್ಪು ಬಿಳುಪು. ಯಾರೋ ಒಂದು ದೊಡ್ಡ ಬಾಗಿಲು ತೆರೆಯುತ್ತಾರೆ, ಅದು ಕಿರುಗುಟ್ಟುತ್ತದೆ. ಆಮೇಲೆ ಬಣ್ಣ ಬರುತ್ತದೆ, ಗಾಜಿನ ಬಾಗಿಲೊಂದು ತನ್ನಷ್ಟಕ್ಕೆ ಸರಿಯುತ್ತದೆ, ಹೆಂಗಸೊಬ್ಬರ ಧ್ವನಿ ಹೇಳುತ್ತದೆ: “ಹಳೆಯ ಕಾಲದ ಬ್ಯಾಂಕುಗಳ ಬಾಗಿಲು ನಿಮಗಾಗಿ ತೆರೆಯಲು ಹೀಗೆ ನರಳುತ್ತಿತ್ತೇ? ನಮ್ಮಲ್ಲಿ ಬನ್ನಿ.”

“ನನ್ ಕೆಮ್ಮು” ಎಂದರು ಅಟೆಂಡರ್. ಟೀ ಲೋಟ ಅವರ ಕೈಯಲ್ಲಿ ಓರೆಯಾಗಿತ್ತು. “ನಾನ್ ಟಿವಿಲಿ ಬಂದ್ಬಿಟ್ಟೆ.”

ಆ ಜಾಹೀರಾತು ದಿನವಿಡೀ ತಿರುಗಿ ತಿರುಗಿ ಬರುತ್ತದೆ. ಅದು ಟಿವಿ ಎಂದು ತಿಳಿದ ಮೇಲೂ, ಬಂದಾಗಲೆಲ್ಲ ನಮ್ಮ ಹಿರಿಯರು ಎದ್ದು ನಿಲ್ಲುತ್ತಾರೆ. ಮನಸ್ಸಿಗೆ ತಿಳಿದರೂ ಕಾಲಿಗೆ ತಿಳಿಯುವುದಿಲ್ಲವಂತೆ. ನಿಮ್ಮ ತಪಾಸಣಾಧಿಕಾರಿಗಳಿಗೆ ಸಾಕ್ಷಿ ಬೇಕಿದ್ದರೆ ಆ ಬೆಂಚಿನ ಎದುರು ಒಂದು ಬೆಳಿಗ್ಗೆ ಕೂತು ನೋಡಲಿ. ಕೂಗಿದ್ದು ನಮ್ಮ ಬಾಗಿಲಲ್ಲದಿದ್ದರೆ ಅಷ್ಟು ಜನರ ಮಂಡಿಗಳು ಸುಳ್ಳು ಹೇಳುತ್ತವೆಯೇ?

ಈಗ ನನ್ನ ಪ್ರಶ್ನೆ ಕೇಳಿಬಿಡುತ್ತೇನೆ. ಆ ಜಾಹೀರಾತು ಮಾಡಿಸಿದವರು ನೀವು. ಮಾಡಿಕೊಟ್ಟವರು ಆ ಸದ್ದನ್ನು ಹೊರದೇಶದ ಆ ಜಾಲತಾಣದಿಂದ, ನನ್ನ ಅಂಗಡಿಯಿಂದ, ಬೆಲೆ ಕೊಟ್ಟು ಕೊಂಡದ್ದು ನನ್ನ ಅಂಗಡಿಯ ಲೆಕ್ಕದಲ್ಲಿದೆ, ಈ ಹಣ ನಿಮ್ಮಲ್ಲಿಗೆ ಬರುವ ಮೊದಲಿನ ತಾರೀಕಿಗೆ. ಆ ಬೆಲೆ ನಿಮ್ಮ ಬೊಕ್ಕಸದಿಂದಲೇ ಹೋಗಿದೆ. ಅಂದರೆ ನಿಮ್ಮ ಹಣ ಸಮುದ್ರ ದಾಟಿ ಹೋಗಿ, ನನ್ನ ಹೆಸರು ಹೊತ್ತುಕೊಂಡು, ಮತ್ತೆ ಸಮುದ್ರ ದಾಟಿ ನಿಮ್ಮಲ್ಲಿಗೇ ಬಂದು ಕೂತಿದೆ. ಹೋಗುವಾಗ ಅದನ್ನು ಯಾರೂ ತಡೆಯಲಿಲ್ಲ. ಇಲ್ಲದ ಸರಕಿಗೆ ನೀವು ಬೆಲೆ ಕೊಟ್ಟದ್ದು ಹೇಗೆ? ಕೊಡುವಾಗ ಯಾವ ಬಾಬ್ತು ಎಂದು ಬರೆದಿರಿ, ಗಿಫ್ಟ್ ಎಂದೇ, ಹಡಗು ರಿಪೇರಿ ಎಂದೇ? ತೂಕದ ಜಾಗದಲ್ಲಿ ಏನು ತುಂಬಿದಿರಿ? ಬಂದರಿನ ರಸೀತಿ ಯಾರು ತಂದುಕೊಟ್ಟರು? ನಾನು ಅಲ್ಪ ಓದಿನವಳು, ನಿಮ್ಮ ಕಾನೂನು ನನಗೆ ತಿಳಿಯದು. ನನ್ನ ಬೇಡಿಕೆ ಇಷ್ಟೇ: ಆ ಸದ್ದನ್ನು ಕೊಳ್ಳುವಾಗ ನೀವು ಏನು ಬರೆದಿರೋ ಅದನ್ನೇ ಅದನ್ನು ಮಾರಿದವಳ ಅರ್ಜಿಯಲ್ಲೂ ಬರೆದು, ತಿಂಗಳು ಮುಗಿಯುವ ಮೊದಲು ನನ್ನ ಹಣ ನನಗೆ ಕೊಡಿ. ಗಣಿತದ ಮೇಷ್ಟ್ರಿಗೂ ಅದೇ ದಾರಿಯಲ್ಲಿ ಕೊಡಿ, ಏಳರ ಮಗ್ಗಿಯ ಪುರಾವೆ ಅವರಿಗೆ ಸಿಗುವ ಹಾಗೆ ಕಾಣುವುದಿಲ್ಲ. ಅದಾಗದಿದ್ದರೆ, ಆ ಜಾಹೀರಾತಿನಲ್ಲಿ ಯಾವುದೇ ಸದ್ದು ಕಂಡುಬಂದಿಲ್ಲ ಎಂದು ನಿಮ್ಮ ಮೊಹರು ಹಾಕಿ ಬರೆದುಕೊಡಿ. ಅದನ್ನು ಅಣ್ಣನಿಗೆ ತೋರಿಸಿ ಸೋಪಿನ ಫ್ಯಾಕ್ಟರಿಗೆ ಹೋಗುತ್ತೇನೆ.

ಈ ನಡುವೆ ನಿಮ್ಮ ಷರತ್ತನ್ನು ಕಡೆಗಣಿಸಿದ್ದೇವೆ ಎಂದು ತಿಳಿಯಬೇಡಿ. ಸರಕನ್ನು ಮೂಲ ಸ್ಥಿತಿಗೆ ತರುವ ಕೆಲಸ ನಡೆದಿದೆ. ರಬ್ಬರಿನ ಬಿರಡೆ ತಾನಾಗಿ ಬಿದ್ದುಹೋಯಿತೆಂದು ಅಟೆಂಡರ್ ಹೇಳುತ್ತಾರೆ. ನೀರಿನ ಡ್ರಮ್ಮು ಬಾಗಿಲಿನ ಪಕ್ಕದಲ್ಲೇ ಇರುವುದರಿಂದ, ಬೆಂಚಿನ ಹಿರಿಯರು ಒಬ್ಬೊಬ್ಬರಾಗಿ ನೀರು ಕುಡಿಯಲು ಏಳುತ್ತಾರೆ, ಹಿಂದಿರುಗುವಾಗ ಅವರ ಕೈ ನಡುಗುತ್ತದೆ. ವಯಸ್ಸಾಯಿತಲ್ಲ. ನಡುಗಿದ ಕೈಯಿಂದ ಲೋಟದಲ್ಲಿ ಉಳಿದ ಗುಟುಕು ಎಲ್ಲಿ ಬೀಳುತ್ತದೆಂದು ನಾನು ನೋಡಿಲ್ಲ. ನೀರೂ ಬ್ಯಾಂಕಿನ ಸ್ವತ್ತೇ ಎಂದು ಅಕೌಂಟೆಂಟ್ ಬರೆಯಬಹುದು, ಬರೆಯಲಿ.

ಈ ದಿನ ಬೆಳಿಗ್ಗೆ ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅಮ್ಮನನ್ನು ಶಾಖೆಗೆ ಬಿಡಲು ಹೋಗಿದ್ದೆ. ನನಗೆ ಬಾಯಾರಿಕೆಯಿರಲಿಲ್ಲ. ಆದರೂ ಒಂದು ಲೋಟ ನೀರು ಹಿಡಿದು, ಅರ್ಧ ಕುಡಿದು, ಉಳಿದದ್ದನ್ನು ಮೇಲಿನ ಕೀಲಿಗೆ ಹಾಕಿದೆ. ನನ್ನ ಕೈ ನಡುಗಲಿಲ್ಲ. ಸ್ವಲ್ಪ ಹೊತ್ತಿಗೆ ಅಟೆಂಡರ್ ಬಂದು ಯಾರದೋ ಕಡತಕ್ಕಾಗಿ ಬಾಗಿಲು ತಳ್ಳಿದರು. ಕಂಡಕ್ಟರ್ ತಾತ ಏನೋ ಕೇಳಿಸಿದವರ ಹಾಗೆ ಬೆಂಚಿನಿಂದ ಅರ್ಧ ಎದ್ದು, ಅನುಮಾನಿಸಿ, ಮತ್ತೆ ಕೂತರು.

ಇಂತಿ,
ಅಸ್ತಿತ್ವದಲ್ಲಿಲ್ಲದ ಸರಕಿನ ವ್ಯಾಪಾರಿ,
ಒಂದನೇ ತಾರೀಕಿನವರೆಗೆ ಮಾತ್ರ